ಕಾಣದ ಕೋಣೆಯಲ್ಲಿ ಕುಳಿತು ಬರೆದವರು: ಮಾರಿಯಾ ಯೂರಿಚ್ ಜಾಗೊರ್ಕಾ



ಕಳೆದ ತಿಂಗಳು ನಮ್ಮ ಯುವಕೂಟದಲ್ಲಿ ಒಂದು ಸಣ್ಣ ಪ್ರಶ್ನೆ ಎದ್ದಿತು. ಈ ವರ್ಷ ಪಠ್ಯಪುಸ್ತಕ ಬಿಟ್ಟು ಒಂದಾದರೂ ಕನ್ನಡ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ಓದಿದವರು ಯಾರು? ಇಪ್ಪತ್ತಮೂರು ಮಂದಿಯಲ್ಲಿ ಮೇಲೆದ್ದ ಕೈಗಳು ಮೂರು. ನಮಗೆ ಕನ್ನಡ ಬಾರದು ಎಂದಲ್ಲ. ಪ್ರಾರ್ಥನೆಗೆ ಕನ್ನಡ, ಹಾಡಿಗೆ ಕನ್ನಡ, ಜಗಳಕ್ಕೂ ಕನ್ನಡವೇ. ಆದರೆ ಕಾಲೇಜಿನ ಓದು ಇಂಗ್ಲಿಷಿನಲ್ಲಿ, ಕಚೇರಿಯ ಅರ್ಜಿ ಮಲಯಾಳದಲ್ಲಿ, ಕತೆಯೆಲ್ಲ ಮೊಬೈಲಿನಲ್ಲಿ. ಕೈ ಎತ್ತದೆ ತಲೆ ತಗ್ಗಿಸಿ ಕುಳಿತವರಲ್ಲಿ ಇದನ್ನು ಬರೆಯುತ್ತಿರುವ ನಾವೂ ಇದ್ದೆವು.

ಅಂದು ಮನೆಗೆ ಹೋಗುವಾಗ ನಮಗೆ ನೆನಪಾದವರು ಕ್ರೊಯೇಷಿಯಾದ ಒಬ್ಬ ಲೇಖಕಿ. ಕ್ರೊಯೇಷಿಯಾ ಎಂದರೆ ನಮ್ಮ ಹುಡುಗರಿಗೆ ಕೆಂಪು ಬಿಳಿ ಚೌಕಳಿಯ ಜೆರ್ಸಿ ಮತ್ತು ಲೂಕಾ ಮೊಡ್ರಿಚ್. ಅದೇ ನಾಡಿನಲ್ಲಿ ನೂರು ವರ್ಷಗಳ ಹಿಂದೆ, ಜನ ತಮ್ಮ ಭಾಷೆಯಲ್ಲಿ ಓದದೆ ಪರಭಾಷೆಯ ಅಗ್ಗದ ಕತೆಗಳಿಗೆ ಅಂಟಿಕೊಂಡಿದ್ದಾಗ, ಅವರನ್ನು ತಮ್ಮ ಭಾಷೆಗೆ ಮರಳಿ ಕರೆತಂದವರಲ್ಲಿ ಒಬ್ಬ ಹೆಂಗಸು ಮುಂಚೂಣಿಯಲ್ಲಿದ್ದರು. ಹೆಸರು ಮಾರಿಯಾ ಯೂರಿಚ್. ಓದುಗರಿಗೆ ಅವರು ಜಾಗೊರ್ಕಾ. ಪತ್ರಿಕೆಯ ಅಂಕಣ, ರಾಜಕೀಯ ವರದಿ, ನಾಟಕ, ಸಾವಿರಾರು ಪುಟಗಳ ಕಾದಂಬರಿ, ಎಲ್ಲವನ್ನೂ ಬರೆದವರು. ಕ್ರೊಯೇಷಿಯಾದ ಮೊದಲ ವೃತ್ತಿಪರ ಪತ್ರಕರ್ತೆ ಎಂದು ಅವರನ್ನು ಕರೆಯುತ್ತಾರೆ. ಅವರ ಬದುಕಿನಲ್ಲಿ ಒಬ್ಬ ಬಿಷಪರೂ ಬರುತ್ತಾರೆ. ಆದ್ದರಿಂದ ಈ ಕತೆ ನಮ್ಮಂಥವರಿಗೆ ಇನ್ನೂ ಸ್ವಲ್ಪ ಹತ್ತಿರದ್ದು.

ಬೆಟ್ಟದಾಚೆಯ ಹುಡುಗಿ

ಮಾರಿಯಾ ಹುಟ್ಟಿದ್ದು 1873ರ ಮಾರ್ಚ್ 2ರಂದು, ವ್ರ್‌ಬೊವೆಟ್ಸ್ ಪಟ್ಟಣದ ಹತ್ತಿರದ ನೆಗೊವೆಟ್ಸ್ ಎಂಬ ಹಳ್ಳಿಯಲ್ಲಿ, ಕಥೋಲಿಕ ಕುಟುಂಬದಲ್ಲಿ. ತಂದೆ ಇವಾನ್ ಯೂರಿಚ್ ಒಬ್ಬ ಶ್ರೀಮಂತ ಬ್ಯಾರನ್ನನ ಜಮೀನು ನೋಡಿಕೊಳ್ಳುವ ಮೇನೇಜರ್. ಹೀಗಾಗಿ ಮಗಳಿಗೆ ಬ್ಯಾರನ್ನನ ಮಕ್ಕಳ ಜೊತೆ ಕುಳಿತು ಮನೆಪಾಠ ಕಲಿಯುವ ಅವಕಾಶ ಸಿಕ್ಕಿತು. ಅವರು ಬೆಳೆದ ಸೀಮೆಯ ಹೆಸರು ಜಾಗೊರ್ಯೆ, ಅಂದರೆ ಬೆಟ್ಟದಾಚೆಯ ನಾಡು. ಜಾಗೊರ್ಕಾ ಎಂದರೆ ಆ ನಾಡಿನ ಹೆಣ್ಣು. ಮುಂದೆ ಬರೆಯುವ ಹೆಸರಾಗಿ ಅವರು ಆರಿಸಿಕೊಂಡದ್ದು ಇದನ್ನೇ.

ಹುಡುಗಿ ಓದಿನಲ್ಲಿ ಚುರುಕು. ಸ್ವಿಟ್ಜರ್ಲೆಂಡಿಗೆ ಕಳಿಸಿ ಓದಿಸಬೇಕೆಂದು ತಂದೆಗೆ ಆಸೆ, ಖರ್ಚು ಕೊಡಲು ಬ್ಯಾರನ್ನನೂ ಒಪ್ಪಿದ್ದ. ತಾಯಿ ಬೇಡವೆಂದರು. ಕೊನೆಗೆ ಜಾಗ್ರೆಬ್ ನಗರದಲ್ಲಿ ಸಿಸ್ಟರ್ಸ್ ಆಫ್ ಮರ್ಸಿ ಸಂಸ್ಥೆಯ ಭಗಿನಿಯರು ನಡೆಸುತ್ತಿದ್ದ ಹೆಣ್ಣುಮಕ್ಕಳ ಶಾಲೆಗೆ ಸೇರಿಸಿದರು. ಅಲ್ಲಿ ಈ ಹುಡುಗಿ ಒಂದು ಪತ್ರಿಕೆ ಶುರುಮಾಡಿದಳು. ಹೆಸರು 'ಕಾನ್ವೆಂಟ್ ಪತ್ರಿಕೆ' ಎಂಬರ್ಥದ್ದು. ಪ್ರಸಾರ ಎಷ್ಟು ಗೊತ್ತೇ? ಒಂದೇ ಒಂದು ಪ್ರತಿ! ಈ ಒಂದು ಪ್ರತಿಯನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಮತ್ತೆ ಬರುತ್ತೇವೆ.

ಹದಿನೆಂಟರ ಹರೆಯದಲ್ಲಿ, 1891ರಲ್ಲಿ, ಕ್ರಾಪಿನಾ ಎಂಬ ಪಟ್ಟಣದಿಂದ ಹೊರಟ ಇನ್ನೊಂದು ಪತ್ರಿಕೆಗೆ ಅವರು ಸಂಪಾದಕಿಯಾದರು. ಆದರೆ ಹೆಣ್ಣಿನ ಹೆಸರಿನಲ್ಲಿ ಅಲ್ಲ. 'ಯೂರಿತ್ಸಾ ಜಾಗೊರ್ಸ್ಕಿ' ಎಂಬ ಗಂಡು ಹೆಸರಿನಲ್ಲಿ. ಅದರ ಮುಖ್ಯ ಲೇಖನದಲ್ಲಿ ಮಾತಿಯಾ ಗುಬೆಟ್ಸ್ ಎಂಬವನ ಆತ್ಮ ಬಂದು ಆರೋಪ ಹೊರಿಸುವಂತೆ ಬರೆದರು. ಗುಬೆಟ್ಸ್ ಯಾರೆಂದರೆ, 1573ರಲ್ಲಿ ಜಮೀನುದಾರರ ವಿರುದ್ಧ ಎದ್ದ ರೈತರ ನಾಯಕ, ಜಾಗ್ರೆಬಿನಲ್ಲಿ ಮರಣದಂಡನೆಗೆ ಒಳಗಾದವನು. ಸರ್ಕಾರಕ್ಕೆ ಸಿಟ್ಟು ಬಂತು. ಮೊದಲ ಸಂಚಿಕೆಯೇ ನಿಷೇಧವಾಯಿತು.

ಮದುವೆ ಮತ್ತು ಓಟ

ಅದೇ ವರ್ಷದ ಕೊನೆಗೆ ಮದುವೆ. ತಾಯಿಯ ಹಟದ ಮದುವೆ ಅದು. ವರ ಹಂಗೇರಿ ರೈಲ್ವೆಯ ಅಧಿಕಾರಿ, ವಯಸ್ಸಿನಲ್ಲಿ ಸುಮಾರು ಹದಿನೇಳು ವರ್ಷ ದೊಡ್ಡವನು. ತಂದೆಗೆ ಮನಸ್ಸಿರಲಿಲ್ಲ, ಹುಡುಗಿಗೂ ಇರಲಿಲ್ಲ. ಗಂಡನ ಮನೆ ಹಂಗೇರಿಯ ಸೋಂಬತ್‌ಹೇಯ್ ಪಟ್ಟಣದಲ್ಲಿ. ಗಂಡನಿಗೆ ಕ್ರೊಯೇಷಿಯನ್ನರೆಂದರೆ ತಾತ್ಸಾರ. ಹೆಂಡತಿಯ ಊರು, ಭಾಷೆ, ಜನ ಎಲ್ಲವೂ ಕೀಳು.

ಆ ಕಾಲದ ಸ್ಥಿತಿಯನ್ನು ಸ್ವಲ್ಪ ಹೇಳಬೇಕು. ಆಗ ಕ್ರೊಯೇಷಿಯಾ ಸ್ವತಂತ್ರ ದೇಶವಲ್ಲ. ಆಸ್ಟ್ರಿಯಾ-ಹಂಗೇರಿ ಸಾಮ್ರಾಜ್ಯದ ಒಂದು ಭಾಗ. 1868ರ ಒಪ್ಪಂದದಂತೆ ಕ್ರೊಯೇಷಿಯಾದ ಒಳಾಡಳಿತದ ಭಾಷೆ ಕ್ರೊಯೇಷಿಯನ್ ಆಗಿತ್ತು. ಕಾಗದದ ಮೇಲೆ ಎಲ್ಲ ಸರಿ. ಆದರೆ ರೈಲ್ವೆಯಂಥ ವಿಷಯಗಳು ಬುಡಾಪೆಸ್ಟಿನ ಕೈಯಲ್ಲಿದ್ದವು. ಹಾಗಾಗಿ ಊರು ಕ್ರೊಯೇಷಿಯಾದ್ದು, ಹಳಿಯೂ ಕ್ರೊಯೇಷಿಯಾದ ಮಣ್ಣಿನ ಮೇಲೆ, ರೈಲಿನಲ್ಲಿ ಕೇಳುವ ಭಾಷೆ ಮಾತ್ರ ಹಂಗೇರಿಯದು.

ಸುಮಾರು ಮೂರು ವರ್ಷ ಆ ಮನೆಯಲ್ಲಿ ಕಳೆದ ಮಾರಿಯಾ ಅಲ್ಲಿ ಎರಡು ವಿದ್ಯೆ ಕಲಿತರು. ಒಂದು ಟೆಲಿಗ್ರಾಫ್, ಇನ್ನೊಂದು ಹಂಗೇರಿಯನ್ ಭಾಷೆ. ಮುಂದೆ ಎರಡೂ ಅವರಿಗೆ ಉಪಯೋಗಕ್ಕೆ ಬಂದವು. ಆದರೆ ಮನಸ್ಸು ಕುಸಿದಿತ್ತು. 1895ರಲ್ಲಿ ಅವರು ಗಂಡನ ಮನೆಯಿಂದ ಓಡಿಹೋದರು. ಮೊದಲು ಮಾವನ ಮನೆ, ಬಳಿಕ ಜಾಗ್ರೆಬ್. ಗಂಡ ಸುಮ್ಮನಿರಲಿಲ್ಲ. ಇವಳಿಗೆ ತಲೆ ಸರಿಯಿಲ್ಲ ಎಂದು ದೂರಿದ. ಅವರನ್ನು ಮಾನಸಿಕ ಆಸ್ಪತ್ರೆಯಲ್ಲಿ ಕೂಡಿಹಾಕಿದರು. ಆಕೆ ಆರೋಗ್ಯವಾಗಿದ್ದಾರೆ ಎಂದು ವೈದ್ಯರಿಗೆ ಮನವರಿಕೆಯಾದ ಮೇಲೆಯೇ ಬಿಡುಗಡೆ. ವಿಚ್ಛೇದನದ ಮೊಕದ್ದಮೆಯಲ್ಲಿ ತಂದೆ ಮಗಳ ಪರ ನಿಂತರು. ತಾಯಿ ಮಗಳ ವಿರುದ್ಧ ಸಾಕ್ಷಿ ಹೇಳಿದರು. ಮದುವೆ ಮುರಿದದ್ದು ಹೆಂಡತಿಯ ತಪ್ಪು ಎಂದು ತೀರ್ಪಾಯಿತು. ಜೀವನಾಂಶ ಇಲ್ಲ, ಸ್ವಂತ ಸಾಮಾನುಗಳೂ ವಾಪಸ್ಸಿಲ್ಲ.

ಇಪ್ಪತ್ತಮೂರರ ಆಸುಪಾಸಿನ ಹೆಣ್ಣು. ಗಂಡನನ್ನು ಬಿಟ್ಟವಳು, ಹುಚ್ಚಾಸ್ಪತ್ರೆ ಕಂಡವಳು, ಕೈಯಲ್ಲಿ ಕಾಸಿಲ್ಲದವಳು. ಇಂದು ನಮ್ಮ ನೆರೆಮನೆಯಲ್ಲಿ ಇಂಥವರೊಬ್ಬರಿದ್ದರೆ ನಾವು ಏನು ಮಾತಾಡಿಕೊಳ್ಳುತ್ತೇವೆ ಎಂದು ಒಮ್ಮೆ ಯೋಚಿಸಿ ಮುಂದೆ ಹೋಗೋಣ.

'ಒಂದು ನಿಮಿಷ'

1896ರ ಅಕ್ಟೋಬರ್ ಕೊನೆಯಲ್ಲಿ ಜಾಗ್ರೆಬಿನ ಪ್ರಮುಖ ಪತ್ರಿಕೆ 'ಒಬ್‌ಜೋರ್' ಒಂದು ಲೇಖನ ಪ್ರಕಟಿಸಿತು. ಶೀರ್ಷಿಕೆ ಹಂಗೇರಿಯನ್ ಭಾಷೆಯಲ್ಲಿತ್ತು: 'ಎಜ್ ಪೆರ್ತ್ಸ್', ಅಂದರೆ 'ಒಂದು ನಿಮಿಷ'. ಕ್ರೊಯೇಷಿಯಾದ ರೈಲು ನಿಲ್ದಾಣಗಳಲ್ಲಿ ಕ್ರೊಯೇಷಿಯನ್ ಭಾಷೆಯೇ ಕೇಳಿಸದು ಎಂಬುದು ಲೇಖನದ ವಿಷಯ. ಓದು ಬಾರದ ರೈತ, ಮೂಟೆ ಹೊತ್ತ ಮುದುಕಿ, ಇವರಿಗೆ ರೈಲು ಎಷ್ಟು ಹೊತ್ತು ನಿಲ್ಲುತ್ತದೆ, ಯಾವ ಊರು ಬಂತು ಎಂದು ಪರಭಾಷೆಯಲ್ಲಿ ಕೂಗಿದರೆ ಏನು ಗತಿ? ದೊಡ್ಡ ರಾಜಕೀಯದ ಮಾತನ್ನು ಮಾರಿಯಾ ಒಂದು ನಿಮಿಷದ ನಿಲುಗಡೆಯಲ್ಲಿ ಹಿಡಿದು ತೋರಿಸಿದರು.

ಗಡಿನಾಡಿನಲ್ಲಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಚೇರಿಯ ಕಿಟಕಿಯ ಮುಂದೆ ಬೇರೆ ಭಾಷೆಯ ಅರ್ಜಿ ಹಿಡಿದು ನಿಂತ ಅಜ್ಜಂದಿರನ್ನು ನಾವು ಕಂಡಿದ್ದೇವೆ, ಅವರಿಗಾಗಿ ಅರ್ಜಿ ತುಂಬಿಸಿಯೂ ಕೊಟ್ಟಿದ್ದೇವೆ.

ಲೇಖನ ಚೆನ್ನಾಗಿತ್ತು. ಆದರೆ ಬರೆದವರು ಹೆಣ್ಣು! ಪತ್ರಿಕೆಯ ಹಿರಿಯರಿಗೆ ಅದು ನುಂಗಲಾರದ ತುತ್ತಾಯಿತು. ಹೆಸರಿಲ್ಲ, ಪ್ರತಿಷ್ಠೆಯಿಲ್ಲ, ಜಾಗೊರ್ಯೆಯಿಂದ ಬಂದ ದನ ಕಾಯುವವಳು, ಮೇಲಾಗಿ ತಲೆಯಲ್ಲಿ ಸಮಾಜವಾದ, ಸ್ತ್ರೀವಾದ ಎಂಬ ಅರ್ಥದ ಮಾತುಗಳು ಬಂದವು. ಪತ್ರಕರ್ತೆಯಾಗಿ ತೆಗೆದುಕೊಳ್ಳಲು ಒಪ್ಪದೆ, ಕರಡು ತಿದ್ದುವ ಕೆಲಸ ಕೊಟ್ಟರು.

ಬಿಷಪರ ಮಾತು

ಇಲ್ಲಿ ಬರುತ್ತಾರೆ ಬಿಷಪ್ ಯೋಸಿಪ್ ಯೂರಾಯ್ ಸ್ಟ್ರೋಸ್‌ಮಾಯರ್. ಜಾಕೊವೊ ಧರ್ಮಪ್ರಾಂತ್ಯದ ಧರ್ಮಾಧ್ಯಕ್ಷರು. ಕ್ರೊಯೇಷಿಯಾದ ಚರಿತ್ರೆಯಲ್ಲಿ ದೊಡ್ಡ ಹೆಸರು. ಜಾಗ್ರೆಬಿನಲ್ಲಿ 1866ರಲ್ಲಿ ವಿಜ್ಞಾನ ಮತ್ತು ಕಲೆಗಳ ಅಕಾಡೆಮಿ ಸ್ಥಾಪನೆಯಾಗಲು, 1874ರಲ್ಲಿ ಹೊಸ ವಿಶ್ವವಿದ್ಯಾಲಯ ಬಾಗಿಲು ತೆರೆಯಲು ಇವರ ಹಣ ಮತ್ತು ಹಟ ಕಾರಣ. 1869-70ರ ಮೊದಲ ವ್ಯಾಟಿಕನ್ ಮಹಾಸಭೆಯಲ್ಲಿ ಬಹುಮತದ ಎದುರು ನಿಂತು ತಮಗೆ ಸರಿಯೆನಿಸಿದ್ದನ್ನು ಹೇಳಿದವರು. 'ಒಬ್‌ಜೋರ್' ಪತ್ರಿಕೆಯ ಬಳಗದಲ್ಲಿ ಇವರ ಮಾತಿಗೆ ತುಂಬ ತೂಕ.

ಈ ಹೆಂಗಸನ್ನು ಪತ್ರಕರ್ತೆಯಾಗಿ ತೆಗೆದುಕೊಳ್ಳಿ ಎಂದು ಬಿಷಪರು ಮಧ್ಯೆ ಬಂದರು. ಪತ್ರಿಕೆಯವರು ಒಪ್ಪಿದರು, ಆದರೆ ಒಂದು ಷರತ್ತು. ಆಕೆ ಬೇರೆ ಕೋಣೆಯಲ್ಲಿ ಕುಳಿತುಕೊಳ್ಳಬೇಕು, ಕಚೇರಿಗೆ ಬಂದು ಹೋಗುವವರ ಕಣ್ಣಿಗೆ ಬೀಳಬಾರದು!

ಈ ಚಿತ್ರ ನಮ್ಮ ಮನಸ್ಸಿನಲ್ಲಿ ಉಳಿದುಬಿಟ್ಟಿದೆ. ಅವರು ಬರೆದದ್ದು ಊರೆಲ್ಲ ಓದಬಹುದು, ಬರೆದವರನ್ನು ಮಾತ್ರ ಯಾರೂ ನೋಡಬಾರದು. ಮಾರಿಯಾ ಆ ಕೋಣೆಯಲ್ಲಿ ಕುಳಿತರು. ಬರೆದರು. ಬರೆದದ್ದು ಅಡುಗೆ, ಹೊಲಿಗೆ, ಫ್ಯಾಶನ್ ಅಲ್ಲ, ಬಹುಪಾಲು ರಾಜಕೀಯ.

ಐದು ತಿಂಗಳ ಸಂಪಾದಕಿ

1903. ಇಪ್ಪತ್ತು ವರ್ಷಗಳಿಂದ ಕ್ರೊಯೇಷಿಯಾವನ್ನು ಬಿಗಿಮುಷ್ಟಿಯಲ್ಲಿ ಆಳುತ್ತಿದ್ದ 'ಬಾನ್', ಅಂದರೆ ರಾಜ್ಯಪಾಲ, ಖುಯೆನ್-ಹೆದೆರ್ವಾರಿ. ಆ ವಸಂತದಲ್ಲಿ ಜಾಗ್ರೆಬಿನ ರೈಲ್ವೆ ಕಟ್ಟಡದ ಮೇಲೆ ಹಂಗೇರಿಯನ್ ಬರಹದ ಫಲಕ ಹಾಕಿದ್ದು ಜನರ ಸಿಟ್ಟಿಗೆ ಕಿಡಿಯಾಯಿತು. ಮಾರಿಯಾ ಏಳು ವರ್ಷ ಹಿಂದೆ ಯಾವುದರ ಬಗ್ಗೆ ಬರೆದಿದ್ದರೋ ಅದೇ ವಿಷಯ. ಊರೂರಿನಲ್ಲಿ ಪ್ರತಿಭಟನೆ, ಬಂಧನ, ಗೋಲಿಬಾರ್.

'ಒಬ್‌ಜೋರ್' ಸಂಪಾದಕ ಯೋಸಿಪ್ ಪಸಾರಿಚ್ ಜೈಲಿಗೆ ಹೋದರು. ಅವರ ಜಾಗಕ್ಕೆ ಬಂದವರೂ ಜೈಲಿಗೆ ಹೋದರು. ಉಳಿದವರು ಯಾರು? ಕಾಣದ ಕೋಣೆಯಲ್ಲಿದ್ದ ಆ ಹೆಂಗಸು. ಸುಮಾರು ಐದು ತಿಂಗಳು ಮಾರಿಯಾ ಒಬ್ಬರೇ ಪತ್ರಿಕೆಯನ್ನು ಸಂಪಾದಿಸಿದರು. ಅದು ಸಾಲದೆಂಬಂತೆ ಮಹಿಳೆಯರನ್ನು ಸೇರಿಸಿ ಬೀದಿಯಲ್ಲಿ ಪ್ರತಿಭಟನೆ ನಡೆಸಿದರು. ಅದಕ್ಕಾಗಿ ಹತ್ತು ದಿನ ಒಂಟಿ ಕೋಣೆಯ ಸೆರೆವಾಸ. ಮರೆಯಲ್ಲಿ ಕೂರಿಸಿದ ಕೋಣೆಯಿಂದ ಸೆರೆಮನೆಯ ಕೋಣೆಗೆ!

ಗಂಡಸರು ಜೈಲಿನಿಂದ ಹೊರಬಂದ ಮೇಲೆ ಸಂಪಾದಕರ ಕುರ್ಚಿ ಮತ್ತೆ ಗಂಡಸರಿಗೇ ಹೋಯಿತು. ಮಾರಿಯಾ ತಮ್ಮ ಮೇಜಿಗೆ ಮರಳಿದರು.

ಗಂಡನ ಮನೆಯಲ್ಲಿ ಕಲಿತ ಹಂಗೇರಿಯನ್ ಭಾಷೆ ಕೈಹಿಡಿದದ್ದು ಆಮೇಲೆ. 1906ರ ಬಳಿಕ ಬುಡಾಪೆಸ್ಟಿನ ಸಂಸತ್ತಿನಿಂದ ವರದಿ ಮಾಡಲು ಅವರನ್ನೇ ಕಳಿಸಿದರು. ಮುಂದೆ ವಿಯೆನ್ನಾದಿಂದಲೂ ವರದಿ ಮಾಡಿದರು. 1907ರಲ್ಲಿ ರೈಲ್ವೆಯಲ್ಲಿ ಹಂಗೇರಿಯನ್ ಭಾಷೆಯನ್ನು ಕಡ್ಡಾಯ ಮಾಡುವ ಮಸೂದೆ ಆ ಸಂಸತ್ತಿಗೆ ಬಂತು. ಕ್ರೊಯೇಷಿಯಾದ ಪ್ರತಿನಿಧಿಗಳು ಎದ್ದು ನಿಂತು, ಗಂಟೆಗಟ್ಟಲೆ ತಮ್ಮ ಭಾಷೆಯಲ್ಲೇ ಭಾಷಣ ಮಾಡಿ ಕಲಾಪವನ್ನು ತಡೆದರು. ಎದುರು ಕುಳಿತವರಿಗೆ ಅದು ಅರ್ಥವಾಗುವ ಭಾಷೆಯಲ್ಲ, ಅದೇ ಅವರ ಉದ್ದೇಶ. ಕಡೆಗೆ ಕಾನೂನು ಜಾರಿಯಾಯಿತು, ನಿಜ. ಆದರೆ ಆ ವರ್ಷಗಳಲ್ಲಿ ಬುಡಾಪೆಸ್ಟಿನ ಸುದ್ದಿಗಾಗಿ ಜಾಗ್ರೆಬಿನ ಜನ ಕಾದು ಓದಿದ್ದು ಈ ಹೆಂಗಸಿನ ವರದಿಗಳನ್ನು. ತನ್ನನ್ನು ಕಟ್ಟಿಹಾಕಲು ಬಳಸಿದ ಭಾಷೆಯನ್ನೇ ಅವರು ತನ್ನ ಜನರ ಕೆಲಸಕ್ಕೆ ಬಳಸಿದರು.

ಜನರ ಕೈಯಲ್ಲಿ ಯಾವ ಪುಸ್ತಕ?

ಈಗ ಕಾದಂಬರಿಯ ಕತೆಗೆ ಬರೋಣ. ನಮ್ಮ ಯುವಕೂಟದ ಪ್ರಶ್ನೆಗೂ ಇದಕ್ಕೂ ನೇರ ಸಂಬಂಧ.

ಆ ಕಾಲದಲ್ಲಿ ಜಾಗ್ರೆಬಿನ ಪೇಟೆಯ ಮಂದಿ, ವಿಶೇಷವಾಗಿ ಹೆಂಗಸರು, ಓದುತ್ತಿದ್ದದ್ದು ಕಂತು ಕಂತಾಗಿ ಬರುವ ಜರ್ಮನ್ ಕತೆಗಳನ್ನು. ಪ್ರೇಮ, ಕೊಲೆ, ವಿಷ, ಕಳ್ಳ ಉಯಿಲು ಎಲ್ಲ ಇದ್ದ ಅಗ್ಗದ ಪುಸ್ತಕಗಳು. ಕ್ರೊಯೇಷಿಯನ್ ಭಾಷೆಯಲ್ಲಿ ಸಾಹಿತ್ಯ ಇರಲಿಲ್ಲವೆಂದಲ್ಲ. ಆಗುಸ್ಟ್ ಶೆನೊವಾ ಎಂಬ ಹಿರಿಯ ಲೇಖಕರು ಒಳ್ಳೆಯ ಐತಿಹಾಸಿಕ ಕಾದಂಬರಿಗಳನ್ನು ಬರೆದು 1881ರಲ್ಲೇ ತೀರಿಕೊಂಡಿದ್ದರು. ಆದರೆ ದಿನದಿನವೂ ಕಾದು ಓದುವಷ್ಟು ಕತೆ ಜನರಿಗೆ ಸಿಗುತ್ತಿರಲಿಲ್ಲ.

ಮಾರಿಯಾ ಮುಂದೆ ನೆನಪಿಸಿಕೊಂಡಂತೆ, ಜನರಿಗಾಗಿ ಅವರ ಭಾಷೆಯಲ್ಲಿ, ಅವರ ಚರಿತ್ರೆಯಿಂದ ಕತೆ ಬರೆಯಿರಿ ಎಂದು ಹುರಿದುಂಬಿಸಿದವರು ಅದೇ ಬಿಷಪ್ ಸ್ಟ್ರೋಸ್‌ಮಾಯರ್. ಒಬ್ಬ ಧರ್ಮಾಧ್ಯಕ್ಷರು ಜನಪ್ರಿಯ ಕಾದಂಬರಿ ಬರೆಯಿರಿ ಎನ್ನುವುದು ನಮಗೆ ವಿಚಿತ್ರವಾಗಿ ಕಾಣಬಹುದು. ಆದರೆ ಅವರು ಕಂಡದ್ದು ಸರಿ. ಅಕಾಡೆಮಿ, ವಿಶ್ವವಿದ್ಯಾಲಯ ಕಟ್ಟಿದರೂ ಮನೆಯ ಅಡುಗೆಕೋಣೆಯಲ್ಲಿ ಆ ಭಾಷೆಯ ಒಂದು ಪುಸ್ತಕ ಇಲ್ಲದಿದ್ದರೆ ಭಾಷೆ ಎಷ್ಟು ದಿನ ನಿಂತೀತು?

ಬಿಷಪರು 1905ರಲ್ಲಿ ತೀರಿಕೊಂಡರು. ಜಾಗೊರ್ಕಾ ಅವರ ದೊಡ್ಡ ಕಾದಂಬರಿಗಳನ್ನು ಅವರು ನೋಡಲಿಲ್ಲ. 1910ರಲ್ಲಿ ಬಂದ 'ಪೆತ್ರಿನ್ಯ ಬೀದಿಯ ರಾಜಕುಮಾರಿ'ಯನ್ನು ಕ್ರೊಯೇಷಿಯನ್ ಭಾಷೆಯ ಮೊದಲ ಪತ್ತೇದಾರಿ ಕಾದಂಬರಿ ಎನ್ನುತ್ತಾರೆ. 1912ರಿಂದ 'ಗ್ರಿಚ್‌ನ ಮಾಟಗಾತಿ' ಪತ್ರಿಕೆಯಲ್ಲಿ ದಿನದಿನವೂ ಧಾರಾವಾಹಿಯಾಗಿ ಬಂತು. ಒಂದಲ್ಲ, ಏಳು ಕಾದಂಬರಿಗಳ ಮಾಲೆ. ಗ್ರಿಚ್ ಎಂದರೆ ಜಾಗ್ರೆಬಿನ ಹಳೆಯ ಗುಡ್ಡದ ಪೇಟೆ. ಓದುಗರು ದಿನಾ ನಡೆದಾಡುವ ಬೀದಿ, ಸೇತುವೆ, ಗೋಪುರಗಳೇ ಕತೆಯ ಜಾಗಗಳು. ಪತ್ರಿಕೆಯ ಮಾರಾಟವನ್ನು ಏರಿಸಿದ್ದು ಸುದ್ದಿಯಲ್ಲ, ಕತೆ.

ಮಾಟಗಾತಿಯ ಕತೆ ನಮಗೆ ಯಾಕೆ?

'ಗ್ರಿಚ್‌ನ ಮಾಟಗಾತಿ' ನಡೆಯುವುದು 18ನೆಯ ಶತಮಾನದಲ್ಲಿ, ಮಹಾರಾಣಿ ಮಾರಿಯಾ ತೆರೇಸಾ ಕಾಲದಲ್ಲಿ. ನಾಯಕಿ ನೇರಾ ಎಂಬ ತರುಣಿ. ಬುದ್ಧಿವಂತೆ, ಬಡವರ ಪರ ಮಾತಾಡುವವಳು. ಮಾಟಗಾತಿಯರೆಂಬ ಆರೋಪ ಹೊತ್ತ ಹೆಂಗಸರನ್ನು ಉಳಿಸಲು ಹೋದವಳ ಮೇಲೆ ಅದೇ ಆರೋಪ ಬೀಳುತ್ತದೆ. ಮಾಲೆಯ ಒಂದು ಕಾದಂಬರಿಗೆ ಜಾಗೊರ್ಕಾ ಇಟ್ಟ ಹೆಸರು 'ಮಾಲೇಯುಸ್ ಮಾಲೆಫಿಕಾರುಮ್'. ಮಾಟಗಾತಿಯರನ್ನು ಹಿಡಿಯುವುದು, ಹಿಂಸಿಸುವುದು ಹೇಗೆಂದು 15ನೆಯ ಶತಮಾನದಲ್ಲಿ ಬರೆದ ಲ್ಯಾಟಿನ್ ಕೈಪಿಡಿಯ ಹೆಸರು ಅದು.

ಕ್ರೈಸ್ತರಾಗಿ ನಾವು ಇದನ್ನು ನೇರವಾಗಿ ಒಪ್ಪಿಕೊಳ್ಳಬೇಕು. ಆ ಕೈಪಿಡಿಯ ಕರ್ತೃ ಒಬ್ಬ ಧಾರ್ಮಿಕ ಸಭೆಯ ಗುರು. ಔಷಧಿ ಸೊಪ್ಪು ಬಲ್ಲ ವಿಧವೆ, ನೆರೆಯವರೊಡನೆ ಜಗಳವಾಡಿದ ಮುದುಕಿ, ಯಾರ ಮಾತೂ ಕೇಳದ ಹುಡುಗಿ, ಇಂಥವರನ್ನು ದೇವರ ಹೆಸರಿನಲ್ಲಿ ಸುಟ್ಟದ್ದು ಚರಿತ್ರೆ. ಕ್ರೊಯೇಷಿಯಾದಲ್ಲಿ ಇದು ನಿಲ್ಲುತ್ತ ಬಂದದ್ದು 1758ರ ಹೊತ್ತಿಗೆ. ಮಾಗ್ದಾ ಲೊಗೊಮೆರ್ ಎಂಬ ಬಡ ಹೆಂಗಸಿಗೆ ಮಾಟದ ಆರೋಪದಲ್ಲಿ ಶಿಕ್ಷೆಯಾಗಿತ್ತು. ಮಹಾರಾಣಿ ಆಕೆಯನ್ನು ವಿಯೆನ್ನಾಕ್ಕೆ ಕರೆಸಿ, ತನ್ನ ಆಸ್ಥಾನ ವೈದ್ಯ ವಾನ್ ಸ್ವೀಟನ್ ಅವರಿಂದ ಪರೀಕ್ಷೆ ಮಾಡಿಸಿ ಬಿಡುಗಡೆ ಮಾಡಿದಳು. ವಿಜ್ಞಾನ ಓದಿದ ನಮಗೆ ಈ ಭಾಗ ತುಂಬ ಇಷ್ಟ. ಗಾಳಿಮಾತಿನ ಮುಂದೆ ಒಬ್ಬ ವೈದ್ಯನ ಪರೀಕ್ಷೆ ಗೆದ್ದಿತು.

ಈಗ ಜಾಗೊರ್ಕಾ ಅವರ ಸ್ವಂತ ಬದುಕನ್ನು ಪಕ್ಕದಲ್ಲಿಟ್ಟು ನೋಡಿ. ಗಂಡನನ್ನು ಬಿಟ್ಟದ್ದಕ್ಕೆ ಅವರಿಗೂ ಒಂದು ಹಣೆಪಟ್ಟಿ ಬಿದ್ದಿತ್ತು. ಮಾಟಗಾತಿ ಅಲ್ಲ, ಹುಚ್ಚಿ. ಅವರನ್ನೂ ಉಳಿಸಿದ್ದು ಸತ್ಯ ಹೇಳಿದ ವೈದ್ಯರು. ಆದ್ದರಿಂದಲೇ ಆ ಕತೆಯಲ್ಲಿ ಇಷ್ಟು ಬಿಸಿಯಿದೆ ಎಂದು ನಮಗೆ ಅನಿಸುತ್ತದೆ.

ಇನ್ನೊಂದು ಮಾತು. ಜಾಗೊರ್ಕಾ ಕೈಗೆ ಬಂದದ್ದನ್ನು ಗೀಚಿದವರಲ್ಲ. ಹಳೆಯ ದಾಖಲೆಗಳನ್ನು, ಮಾಟಗಾತಿಯರ ವಿಚಾರಣೆಯ ಕಡತಗಳನ್ನು ಓದಿ ಬರೆದವರು. ಜಾಗ್ರೆಬಿನ ಇಂಥ ಹಳೆಯ ಕಾಗದಪತ್ರಗಳನ್ನು ಹುಡುಕಿ, ಜೋಡಿಸಿ, ಅಚ್ಚು ಮಾಡಿಸಿದ್ದು ಇವಾನ್ ಟ್ಕಾಲ್ಚಿಚ್ ಎಂಬ ಕಥೋಲಿಕ ಗುರು. ಸಭೆಯವರು ಮಾಡಿದ ತಪ್ಪನ್ನು ಸಭೆಯ ಗುರುವೇ ಕಡತದಿಂದ ಹೊರತೆಗೆದರು, ಒಬ್ಬ ಹೆಂಗಸು ಅದನ್ನು ಕತೆ ಮಾಡಿ ಊರಿಗೆಲ್ಲ ಹೇಳಿದರು. ಮುಚ್ಚಿಡುವುದಕ್ಕಿಂತ ಇದು ದೊಡ್ಡ ಸಾಕ್ಷಿ.

'ಕಸ' ಎಂದವರು

ಓದುಗರು ಎಷ್ಟು ಪ್ರೀತಿಸಿದರೋ ವಿಮರ್ಶಕರು ಅಷ್ಟೇ ಹೀಯಾಳಿಸಿದರು. 'ಶುಂಡ್' ಎಂಬುದು ಅವರ ಮಾತು. ಜರ್ಮನ್ ಮೂಲದ ಪದ, ಅರ್ಥ ಕಸ. ಅಡುಗೆಯವರು, ಅಂಗಡಿಯವರು, ಹೊಲಿಯುವ ಹುಡುಗಿಯರು ಓದುವ ಕತೆ, ಅದೆಂಥ ಸಾಹಿತ್ಯ ಎಂಬ ಧಾಟಿ. ಸಾಹಿತ್ಯ ಚರಿತ್ರೆಯ ಪುಸ್ತಕಗಳಲ್ಲಿ ಅವರಿಗೆ ಬಹುಕಾಲ ಸರಿಯಾದ ಜಾಗವೇ ಸಿಗಲಿಲ್ಲ. ಮತ್ತೆ ಕಾಣದ ಕೋಣೆ!

ಟೀಕೆಯಲ್ಲಿ ಹುರುಳೇ ಇಲ್ಲ ಎಂದು ನಾವು ಹೇಳುವುದಿಲ್ಲ. ಧಾರಾವಾಹಿ ಎಳೆಯುತ್ತದೆ. ಒಳ್ಳೆಯವರು ತುಂಬ ಒಳ್ಳೆಯವರು, ಕೆಟ್ಟವರು ತುಂಬ ಕೆಟ್ಟವರು. ನಾಯಕಿ ಅಪಾಯದಲ್ಲಿ ಸಿಕ್ಕಿಕೊಳ್ಳುವುದು, ಕೊನೆಯ ಗಳಿಗೆಯಲ್ಲಿ ಪಾರಾಗುವುದು ಮತ್ತೆ ಮತ್ತೆ ಬರುತ್ತದೆ. 1930ರ ದಶಕದ 'ಗೋರ್ದಾನಾ' ಕಾದಂಬರಿಯಂತೂ ಸಾವಿರಾರು ಪುಟ, ಹಲವು ಸಂಪುಟ. ಆದರೆ ಈ ಕತೆಗಳಲ್ಲಿ ಹೆಂಗಸರು ಸುಮ್ಮನೆ ಕುಳಿತು ಅಳುವುದಿಲ್ಲ. ಕುದುರೆ ಏರುತ್ತಾರೆ, ವೇಷ ಬದಲಿಸುತ್ತಾರೆ, ರಾಜಕೀಯ ಮಾತಾಡುತ್ತಾರೆ, ತಾವೇ ನಿರ್ಧಾರ ಮಾಡುತ್ತಾರೆ. ಮತದಾನದ ಹಕ್ಕು ಇಲ್ಲದ ಓದುಗಿತ್ತಿಯರಿಗೆ ಇದು ಏನಾಗಿ ಕಂಡಿರಬೇಕು? ಆ ದೇಶದ ಹೆಂಗಸರಿಗೆ ಮತದಾನದ ಹಕ್ಕು ಸಿಕ್ಕಿದ್ದು 1945ರಲ್ಲಿ.

ಇನ್ನೊಂದು ಲೆಕ್ಕವೂ ಇದೆ. ಜರ್ಮನ್ ಕತೆ ಬಿಟ್ಟು ಕ್ರೊಯೇಷಿಯನ್ ಕತೆ ಹಿಡಿದವರಲ್ಲಿ ಒಂದಷ್ಟು ಮಂದಿ ಆಮೇಲೆ ಬೇರೆ ಪುಸ್ತಕಗಳಿಗೂ ಹೋಗಿರುತ್ತಾರೆ. ಮೊದಲ ಮೆಟ್ಟಿಲೇ ಇಲ್ಲದಿದ್ದರೆ ಮಹಡಿಗೆ ಹೋಗುವುದು ಹೇಗೆ?

ಪತ್ರಿಕೆ, ಯುದ್ಧ, ಮೌನ

ಕಾದಂಬರಿ ಬರೆಯುತ್ತಲೇ ಅವರು ಪತ್ರಿಕೆಯನ್ನು ಬಿಡಲಿಲ್ಲ. 1910ರಲ್ಲಿ ಕ್ರೊಯೇಷಿಯಾದ ಪತ್ರಕರ್ತರ ಸಂಘ ಕಟ್ಟಿದವರಲ್ಲಿ ಅವರೂ ಒಬ್ಬರು. 1925ರಲ್ಲಿ 'ಜೆನ್‌ಸ್ಕಿ ಲಿಸ್ಟ್', ಅಂದರೆ 'ಮಹಿಳಾ ಪತ್ರಿಕೆ', ಶುರುವಾಯಿತು. ಬಟ್ಟೆ ಹೊಲಿಯುವ ಮಾದರಿಗಳ ಪಕ್ಕದಲ್ಲೇ ಹೆಂಗಸರ ದುಡಿಮೆ, ಸಂಬಳ, ಹಕ್ಕುಗಳ ಬಗ್ಗೆ ಅಂಕಣಗಳು. 1938ರಲ್ಲಿ ಅಲ್ಲಿಂದ ಹೊರಬಂದು ತಮ್ಮ ಕೈಯಿಂದಲೇ ಹಣ ಹಾಕಿ 'ಹ್ರ್‌ವಾತಿತ್ಸಾ', ಅಂದರೆ 'ಕ್ರೊಯೇಷಿಯಾದ ಹೆಣ್ಣು', ಎಂಬ ಹೊಸ ಪತ್ರಿಕೆ ನಡೆಸಿದರು.

1941ರ ಏಪ್ರಿಲಿನಲ್ಲಿ ಹಿಟ್ಲರನ ಬೆಂಬಲದಿಂದ ಉಸ್ತಾಶೆ ಎಂಬ ಕ್ರೂರ ರಾಷ್ಟ್ರವಾದಿ ಗುಂಪು ಅಧಿಕಾರಕ್ಕೆ ಬಂತು. ಕ್ರೊಯೇಷಿಯನ್ ಭಾಷೆಗಾಗಿ ಜೈಲಿಗೆ ಹೋಗಿದ್ದ ಹೆಂಗಸಿನ ಪತ್ರಿಕೆಯನ್ನು ಕ್ರೊಯೇಷಿಯಾದ ಹೆಸರಿನಲ್ಲೇ ಆಳಲು ಬಂದವರು ಮುಚ್ಚಿಸಿದರು. ಸಂಚಿಕೆಗಳು, ಚಂದಾದಾರರ ಹಣ, ಮನೆಯ ಪೀಠೋಪಕರಣ ಎಲ್ಲ ವಶವಾಯಿತು. ಭಾಷೆಯ ಪ್ರೀತಿ ಬೇರೆ, ಭಾಷೆಯ ಹೆಸರಿನಲ್ಲಿ ದ್ವೇಷ ಬೇರೆ. ಇದನ್ನು ನಾವು ಮರೆಯಬಾರದು.

ಯುದ್ಧ ಮುಗಿದ ಮೇಲೂ ಅವರಿಗೆ ಗೌರವದ ಜಾಗ ಸಿಗಲಿಲ್ಲ. ಹೊಸ ಸರ್ಕಾರದ ಕಣ್ಣಿನಲ್ಲಿ ಅವರದು ಹಳೆಯ ಕಾಲದ ಅಗ್ಗದ ಕತೆ. ಆತ್ಮಕಥನದ ಬರಹವೊಂದಕ್ಕೆ ಅವರು ಕೊಟ್ಟ ಹೆಸರು 'ನನ್ನ ತಪ್ಪೇನು?' ಎಂಬುದು. ಆ ಪ್ರಶ್ನೆಗೆ ಅಂದು ಯಾರೂ ಉತ್ತರ ಕೊಡಲಿಲ್ಲ. 1957ರ ನವೆಂಬರ್ 30ರಂದು, 84ನೆಯ ವಯಸ್ಸಿನಲ್ಲಿ, ಜಾಗ್ರೆಬಿನಲ್ಲಿ ತೀರಿಕೊಂಡರು.

ಉತ್ತರ ನಿಧಾನವಾಗಿ ಬಂತು. ಅವರ ಕಾದಂಬರಿಗಳು ಮರುಮುದ್ರಣ ಕಾಣುತ್ತಲೇ ಹೋದವು. ಜಾಗ್ರೆಬಿನ ಕೆಥೀಡ್ರಲ್ಲಿನ ಹತ್ತಿರ ದೊಲಾಟ್ಸ್ ಎಂಬ ತರಕಾರಿ ಮಾರುಕಟ್ಟೆಯಿದೆ. ಅದರ ಪಕ್ಕದಲ್ಲಿ ಅವರು ಇದ್ದ ಮನೆ ಇಂದು ಸ್ಮಾರಕ, ಅಲ್ಲಿ ಮಹಿಳಾ ಅಧ್ಯಯನದವರು ಅವರ ಕೃತಿಗಳ ಬಗ್ಗೆ ಚರ್ಚೆ ನಡೆಸುತ್ತಾರೆ. ಸ್ವಲ್ಪ ಆಚೆ, ಜನ ಕಾಫಿ ಕುಡಿಯುತ್ತ ಕೂರುವ ಬೀದಿಯಲ್ಲಿ, ಅವರ ಕಂಚಿನ ಪ್ರತಿಮೆ ನಿಂತಿದೆ. ಆ ಬೀದಿಯ ಹೆಸರು ಟ್ಕಾಲ್ಚಿಚೆವಾ. ಹಳೆಯ ಕಡತಗಳನ್ನು ಅಚ್ಚು ಮಾಡಿಸಿದ ಆ ಗುರುಗಳ ಹೆಸರಿನ ಬೀದಿ! ಯಾರ ಕಣ್ಣಿಗೂ ಬೀಳಬಾರದೆಂದು ಕೋಣೆಯೊಳಗೆ ಕೂರಿಸಿದವರು ಈಗ ನಡುಬೀದಿಯಲ್ಲಿ ಹೋಗಿಬರುವವರ ಕಣ್ಣಿಗೆಲ್ಲ ಬೀಳುತ್ತಾರೆ.

ನಮ್ಮ ಕೂಟಕ್ಕೆ ಒಂದು ಪ್ರತಿ

ಪ್ರಿಯ ಮಿತ್ರರೇ, ಜಾಗೊರ್ಕಾ ಅವರಿಂದ ನಾವು ಕಲಿತದ್ದು ಒಂದೇ. ಭಾಷೆಗಾಗಿ ಫಲಕದ ಹೋರಾಟ ಬೇಕು, ಅರ್ಜಿ, ಕಾನೂನು, ಶಾಲೆ ಎಲ್ಲ ಬೇಕು. ಅವರೂ ಆ ಹೋರಾಟ ಮಾಡಿದವರೇ. ಆದರೆ ಅಲ್ಲಿಗೇ ನಿಲ್ಲಲಿಲ್ಲ. ಫಲಕ ಓದಿ ಮನೆಗೆ ಹೋದವರಿಗೆ ಆ ಭಾಷೆಯಲ್ಲಿ ರಾತ್ರಿ ಓದಲು ಏನಿದೆ ಎಂದು ಕೇಳಿಕೊಂಡರು. ಇಲ್ಲವೆಂದು ಕಂಡಾಗ ತಾವೇ ಬರೆದರು. ಕಸ ಎಂದವರ ಮಾತು ಕೇಳಿ ಪೆನ್ನು ಕೆಳಗಿಡಲಿಲ್ಲ.

ನಮ್ಮಲ್ಲಿ ಓದಲು ಪುಸ್ತಕಗಳಿಲ್ಲ ಎಂದಲ್ಲ, ಬೇಕಾದಷ್ಟಿವೆ. ಓದುವ ಅಭ್ಯಾಸ ಹೋಗಿದೆ. ನಮ್ಮ ಊರಿನ, ನಮ್ಮ ವಯಸ್ಸಿನವರ ಕತೆ ಕನ್ನಡದಲ್ಲಿ ಬರೆಯುವವರೂ ಕಡಿಮೆಯಾಗಿದ್ದಾರೆ. ನಾವು ಬರೆದರೆ ಯಾರು ಓದುತ್ತಾರೆ, ತಪ್ಪು ಹುಡುಕುತ್ತಾರೆ ಎಂಬ ನಾಚಿಕೆ ಬೇರೆ.

ಆದ್ದರಿಂದ ಬರುವ ಕ್ರಿಸ್ಮಸ್ಸಿಗೆ ನಮ್ಮ ಕೂಟ ಒಂದು ಕೈಬರಹ ಪತ್ರಿಕೆ ತರಬೇಕೆಂದು ಯೋಚಿಸಿದ್ದೇವೆ. ಶಾಲೆಯಲ್ಲಿದ್ದಾಗ ನಾವೆಲ್ಲ ಮಾಡಿದ್ದೇ. ಚಿತ್ರ ಬರೆಯುವವರು ಚಿತ್ರ ಬರೆಯಲಿ, ಅಕ್ಷರ ಚೆಂದ ಇರುವವರು ನಕಲು ಮಾಡಲಿ. ಕತೆ, ನೆನಪು, ಅಜ್ಜಿ ಹೇಳಿದ ಹಳೆಯ ಘಟನೆ, ಏನಾದರೂ ಸರಿ, ಕನ್ನಡದಲ್ಲಿರಲಿ. ಅಚ್ಚು ಬೇಡ, ಖರ್ಚಿಲ್ಲ. ಒಂದೇ ಪ್ರತಿ ಸಾಕು. ಮನೆಯಿಂದ ಮನೆಗೆ ಹೋಗಲಿ.

ಜಾಗ್ರೆಬಿನ ಒಂದು ಕಾನ್ವೆಂಟಿನಲ್ಲೂ ಶುರುವಾದದ್ದು ಒಂದೇ ಪ್ರತಿಯಿಂದ.